ಏಳು ಗಂಟೆಯ ಸೂಜಿ

ನಮ್ಮ ನಾಯಿಯ ಹೆಸರು ಗೊಜ್ಜು. ಮೈಬಣ್ಣ ಹುಣಸೆ ಗೊಜ್ಜಿನ ಹಾಗಿದೆ ಎಂದು ಇಟ್ಟ ಹೆಸರು, ಅದರಲ್ಲಿ ಬೇರೆ ತತ್ತ್ವವೇನೂ ಇಲ್ಲ. ಒಂಬತ್ತು ವರ್ಷ ಮದರಾಸಿನ ಕೀಲ್ಪಾಕ್‌ನ ನಮ್ಮ ಫ್ಲಾಟಿನಲ್ಲಿ ಮೊಸರನ್ನ ತಿಂದುಕೊಂಡು ಠೀವಿಯಿಂದ ಇದ್ದ. ಹೋದ ವರ್ಷದ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಬಕೆಟ್ಟುಗಟ್ಟಲೆ ನೀರು ಕುಡಿಯತೊಡಗಿದ. ಬಿಸಿಲಿಗೆ ಎಂದುಕೊಂಡೆವು. ಕುಡಿದದ್ದನ್ನೆಲ್ಲ ಹಾಲ್‌ನ ನಡುವೆ ಬಿಡತೊಡಗಿದ. ವಯಸ್ಸಾಯಿತು ಎಂದುಕೊಂಡೆವು. ಪಕ್ಕೆಲುಬು ಎಣಿಸುವ ಹಾಗಾದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ನಾಯಿಗಳ ಡಾಕ್ಟರ್ ಧನುಷ್, ಮೂವತ್ತು ದಾಟದ ಹುಡುಗ, ರಕ್ತ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಎಂದರು. ಗುಣವಾಗುವುದಿಲ್ಲ, ಆದರೆ ನೋಡಿಕೊಂಡರೆ ವರ್ಷಗಟ್ಟಲೆ ಇರುತ್ತಾನೆ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು, ಊಟ ಹಾಕಿ ಇನ್ಸುಲಿನ್ ಸೂಜಿ. ಬದುಕಿರುವವರೆಗೂ.

"ಯಾರು ಬದುಕಿರುವವರೆಗೆ, ನಾನೋ ಅವನೋ?" ಎಂದು ಕೇಳಿದೆ. ಡಾಕ್ಟರ್ ನಗಲಿಲ್ಲ.

ನಾನು ನೀರಜಾ. ಐವತ್ತೆಂಟು ವಯಸ್ಸು. ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ನುಂಗಂಬಾಕ್ಕಂನ ಒಂದು ಕಾನ್ಸುಲೇಟಿನಲ್ಲಿ ವೀಸಾ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಮೂವತ್ತು ವರ್ಷದ ಕೆಲಸ. ಪಾಸ್‌ಪೋರ್ಟಿನಲ್ಲೊಂದು ಅಕ್ಷರ, ಅರ್ಜಿಯಲ್ಲಿ ಇನ್ನೊಂದು ಅಕ್ಷರ ಇದ್ದರೆ ವಾಪಸ್. ಅತ್ತರೂ ವಾಪಸ್, ಕಾಲು ಹಿಡಿದರೂ ವಾಪಸ್. ಒಂದು ಪದಕ್ಕೆ ಒಂದೇ ಅರ್ಥ ಎಂದು ನಂಬಿ ಸಂಬಳ ತೆಗೆದುಕೊಂಡವಳು ನಾನು. ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತು, ಅದಕ್ಕೆ ನನಗೆ ಹೆಮ್ಮೆಯೇ ಇತ್ತು.

ಜೊತೆಗಿರುವವನು ತಮ್ಮ ಕಿಟ್ಟು. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು ನನ್ನ ಮನೆಗೆ ಬಂದ. ಮುತ್ತಜ್ಜನ ಕಾಲದಲ್ಲೇ ಮದರಾಸಿಗೆ ಬಂದು ನೆಲೆಸಿದ ಮಾಧ್ವರು ನಾವು. ಮನೆಮಾತು ಕನ್ನಡ, ಆದರೆ ಅದರಲ್ಲಿ ಕಾಲುಭಾಗ ತಮಿಳು. ಕಿಟ್ಟು ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಡಿಯುಟ್ಟು ಪೂಜೆ, ಜಪ ಮಾಡುತ್ತಾನೆ. ಆ ಹೊತ್ತಿನಲ್ಲಿ ನಾಯಿ ಅವನ ಹತ್ತಿರ ಸುಳಿಯಬಾರದು, ನಾನು ಅವನನ್ನು ಮುಟ್ಟಬಾರದು, ಎಲ್ಲ ಮುಗಿಯುವವರೆಗೆ ಅವನು ಬೇರೆ ಮಾತಿಗೆ ಬಾಯಿ ಬಿಡಬಾರದು. ಸಂಜೆ ಅದೇ ನಾಯಿಯನ್ನು ಸೋಫಾದ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು ಕ್ರಿಕೆಟ್ ನೋಡುವವನೂ ಅವನೇ. "ಅದಕ್ಕೂ ಶುಗರ್, ನನಗೂ ಶುಗರ್. ಇಬ್ಬರದೂ ಒಂದೇ ಗೋತ್ರ" ಎನ್ನುತ್ತಾನೆ. ಸೂಜಿ ಕಂಡರೆ ಮಾತ್ರ ಕಿಟ್ಟುವಿಗೆ ತಲೆ ಸುತ್ತುತ್ತದೆ, ಹಾಗಾಗಿ ಆ ಕೆಲಸಕ್ಕೆ ಅವನು ದೇವರಾಣೆಗೂ ಇಲ್ಲ.

ಡಾಕ್ಟರು ಅನ್ನ ಕಡಿಮೆ ಮಾಡಿ, ಮೊಟ್ಟೆ, ಕೋಳಿ ಕೊಡಿ ಎಂದಿದ್ದರು. ಮನೆಯಲ್ಲಿ ಯುದ್ಧವೇ ಆಯಿತು.

"ಮೊಟ್ಟೆ ಈ ಅಡುಗೆಮನೆಗೆ ಬಂತೂಂದ್ರೆ ನಾನು ನೇರಾ ಮಂತ್ರಾಲಯಕ್ಕೆ ಹೋಗಿ ಅಲ್ಲೇ ಇದ್ಬಿಡ್ತೀನಿ, ಪಾತ್ಕೋ" ಎಂದು ಕಿಟ್ಟು ಕೂಗಿದ.

"ಹೋಗು. ಟಿಕೆಟ್ ನಾನೇ ತೆಗಿತೀನಿ" ಎಂದು ನಾನೂ ಕೂಗಿದೆ. ಬಾಗಿಲು ತೆರೆದೇ ಇತ್ತು. ಎದುರು ಫ್ಲಾಟಿನ ಹೆಂಗಸು ತನ್ನ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು.

"ಏನವ್ವ, ಒಂದ್ ಮೊಟ್ಟೆಗೆ ಇಸ್ಟೊಂದ್ ರಂಪಾಟವಾ? ನಮ್ಮನೇಲಿ ಬೇಯ್ಸ್ ಕೊಡ್ತೀನಿ ಬುಡು" ಎಂದಳು.

ಚಿಕ್ಕತಾಯಮ್ಮ ನಮ್ಮ ಮನೆಗೆ ಬಂದದ್ದು ಹಾಗೆ. ಮಳವಳ್ಳಿ ಕಡೆಯವರು, ಅರವತ್ತೈದರ ಹತ್ತಿರ. ಮಗ ಗಂಗಾಧರ ಕಾರು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಇನ್ನೂ ಮದುವೆಯಾಗಿಲ್ಲ, ತಾಯಿಯನ್ನು ಜೊತೆಗೆ ಕರೆತಂದಿದ್ದಾನೆ. ಅವರಿಗೆ ತಮಿಳು ಬಾರದು. ಇಡೀ ಬಿಲ್ಡಿಂಗಿನಲ್ಲಿ ಅವರಿಗೆ ಮಾತಿಗೆ ಸಿಗುವವರು ನಾವಿಬ್ಬರೇ. ದಿನ ಬೆಳಗಾದರೆ ಸ್ಟೀಲ್ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ, ಭಾನುವಾರ ಉಪ್ಪು ಹಾಕದ ಕೋಳಿ. ಗೊಜ್ಜುವಿಗೆ ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ನಾನು ಇದ್ದೇನೆಂಬುದೇ ಮರೆತುಹೋಗುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಸೂಜಿ ಹಾಕುವುದನ್ನೂ ನನಗೆ ಕಲಿಸಿದ್ದು ಅವರೇ. ಡಾಕ್ಟರು ತೋರಿಸಿಕೊಟ್ಟಾಗ ತಲೆಯಾಡಿಸಿ ಬಂದಿದ್ದೆ. ಮನೆಯಲ್ಲಿ ಸಿರಿಂಜು ಹಿಡಿದರೆ ಕೈ ತಾಳ ಹಾಕುತ್ತಿತ್ತು. ಚಿಕ್ಕತಾಯಮ್ಮ ಊರಿನಲ್ಲಿ ಕುರಿ ಸಾಕಿದವರು. "ಕತ್ತಿನ್ ಹಿಂದ್ಗಡೆ ಚರ್ಮ ಒಸಿ ಎತ್ತವ್ವ, ಡೇರೆ ಎತ್ತ್ದಂಗೆ. ಆ ಸಂದೀಲಿ ಚುಚ್ಚು. ನೀನ್ ಹೆದ್ರುದ್ರೆ ಅದ್ಕೂ ಹೆದ್ರಿಕೆ ಆಯ್ತದೆ" ಎಂದು ಹೇಳಿಕೊಟ್ಟರು. ಒಂದು ವಾರದಲ್ಲಿ ನನ್ನ ಕೈ ಪಳಗಿತು. ಬೆಳಗಿನ ಸೂಜಿ ಯಾವಾಗಲೂ ನನ್ನದು. ಸಂಜೆ ಆಫೀಸು ತಡವಾದರೆ, ಮೆಟ್ರೋ ಗುಂಡಿಗಳ ನಡುವೆ ಬಸ್ಸು ಸಿಕ್ಕಿಕೊಂಡರೆ, ಫೋನ್ ಮಾಡಿದರಾಯಿತು, ಅವರು ಹಾಕುತ್ತಿದ್ದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಟಿಕ್ ಹಾಕುವುದು ಮಾತ್ರ ನಾನೇ, ಅವರ ಬಾಯಿಮಾತು ಕೇಳಿ.

ಈಗ ಒಂದು ಪದದ ವಿಷಯ ಹೇಳಬೇಕು. ಮೊದಮೊದಲು ಒಂದು ದಿನ ಅವರ ಬಾಗಿಲಿಗೆ ಹೋಗಿ, "ಕರಿಬೇವು ಇದ್ರೆ ಸ್ವಲ್ಪ ಕೊಡ್ತೀರಾ?" ಎಂದು ಕೇಳಿದೆ. "ಆಯ್ತು" ಎಂದು ಒಳಗೆ ಹೋದರು. ನಮ್ಮ ಮದರಾಸು ಕನ್ನಡದಲ್ಲಿ ಆಯ್ತು ಎಂದರೆ ಮುಗಿಯಿತು, ತಮಿಳರ 'ಆಚ್ಚು' ಇದ್ದ ಹಾಗೆ. ಒಪ್ಪಿಗೆಗೆ ನಾವು 'ಸರಿ' ಎನ್ನುತ್ತೇವೆ. ಕರಿಬೇವು ಮುಗಿದಿದೆ ಎಂದುಕೊಂಡು ನಾನು ಅಂಗಡಿಗೆ ಹೋದೆ. ವಾಪಸ್ ಬಂದರೆ ಕಂತೆ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಾರೆ. "ಕೇಳ್ಬುಟ್ಟು ಎಲ್ಲೋದವ್ವ?" ಇಬ್ಬರೂ ನಕ್ಕೆವು. ನಮ್ಮಲ್ಲಿ ಆ ಮಾತಿಗೆ ಏನರ್ಥ ಎಂದು ಅವರಿಗೆ ವಿವರಿಸಿದೆ. ಅವರ ಮಾತಿಗೆ ಏನರ್ಥ ಎಂದು ನಾನೂ ತಲೆಯಲ್ಲಿ ಬರೆದುಕೊಂಡೆ: ಚಿಕ್ಕತಾಯಮ್ಮನ ಆಯ್ತು ಎಂದರೆ ಸರಿ. ನಾನು ಒಮ್ಮೆ ಬರೆದುಕೊಂಡದ್ದನ್ನು ಅಳಿಸುವವಳಲ್ಲ.

ಈ ವರ್ಷ ಜೂನ್‌ನಲ್ಲಿ, ಒಂದು ಶನಿವಾರ, ಬೆಸೆಂಟ್ ನಗರದಲ್ಲಿ ಚಿಕ್ಕಪ್ಪನ ಮಗ ಸತ್ಯಾತ್ಮನ ಮನೆಯಲ್ಲಿ ಉಪನಯನ. ಪೂಜೆ ಬಿಟ್ಟು ಕಿಟ್ಟು ಬರುವವನಲ್ಲ, ನಾನೊಬ್ಬಳೇ ಐದೂವರೆಗೇ ಹೊರಡಬೇಕಿತ್ತು. ಬೆಳಗಿನ ಸೂಜಿಯನ್ನು ಮೊದಲ ಸಲ ಚಿಕ್ಕತಾಯಮ್ಮನಿಗೆ ಒಪ್ಪಿಸಿ ಹೋದೆ. ಅಲ್ಲಿ ಕಾಫಿ ಕುಡಿದು ಕೂತರೆ, ಪುರೋಹಿತರು ಬರುವುದೇ ಒಂಬತ್ತಕ್ಕೆ ಎಂದರು. ಬೀಚಿನ ಗಾಳಿ ಹಾಯಾಗಿ ಬರುತ್ತಿತ್ತು, ನೆಂಟರು ನಗುತ್ತಿದ್ದರು, ನನಗೆ ಮಾತ್ರ ಗೊಜ್ಜುವೇ ಕಣ್ಣ ಮುಂದೆ. ಅವರು ಸರಿಯಾಗಿ ಹಾಕುವುದಿಲ್ಲ ಎಂದಲ್ಲ. ನಾನಿಲ್ಲದೆಯೂ ಅವನ ಬೆಳಿಗ್ಗೆ ನಡೆಯುತ್ತದೆ ಎಂಬುದು ನನಗೆ ಬೇಡವಾಗಿತ್ತು. ಮುಕ್ಕಾಲು ಗಂಟೆಯಲ್ಲಿ ಹೋಗಿಬರುತ್ತೇನೆ ಎಂದು ಸುಳ್ಳು ಹೇಳಿ ಆಟೋ ಹತ್ತಿದೆ.

ಊಟ ಹಾಕಿ ತಿನ್ನಿಸುವಷ್ಟರಲ್ಲಿ ಹೊತ್ತಾಗುತ್ತದೆ, ಸೂಜಿ ಇನ್ನೂ ಹಾಕಿರಲಿಕ್ಕಿಲ್ಲ ಎಂದುಕೊಂಡು ಏಳು ಹತ್ತಕ್ಕೆ ಆಟೋದಿಂದ ಫೋನ್ ಮಾಡಿದೆ. "ಚಿಕ್ಕತಾಯಮ್ಮ, ನಾನೇ ಬರ್ತಿದೀನಿ. ಊಸಿ ನಾನೇ ಹಾಕ್ತೀನಿ, ನೀವು ತೊಂದ್ರೆ ತಗೋಬೇಡಿ."

ಆಟೋದ ಸದ್ದು, ಹಾರ್ನ್ ಸದ್ದು. ಆ ಕಡೆಯಿಂದ "ಆಯ್ತವ್ವ, ಆಯ್ತು" ಎಂದದ್ದು ಕೇಳಿತು. ಲೈನು ಕಡಿದುಹೋಯಿತು. ನಾನು ನಿಶ್ಚಿಂತೆಯಿಂದ ಒರಗಿಕೊಂಡೆ.

ಮನೆಗೆ ಬಂದಾಗ ಏಳೂವರೆ. ಗೊಜ್ಜುವಿನ ತಟ್ಟೆ ಖಾಲಿ. ಊಟ ಆಗಿದೆ, ಒಳ್ಳೆಯದು. ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದೆ. ದೇವರ ಮುಂದೆ ಕೂತಿದ್ದ ಕಿಟ್ಟು ಜಪಮಣಿ ಹಿಡಿದ ಕೈಯನ್ನೇ ನನ್ನ ಕಡೆ ಎತ್ತಿ ಆಡಿಸಿದ. ಮೂಗಿನಲ್ಲೇ "ಹ್ಞೂಂ, ಹ್ಞೂಂ" ಎಂದ. ಹೊರಗಿನಿಂದ ಬಂದವಳು ಮಡಿಗೆ ಹತ್ತಿರ ಬರಬೇಡ ಎನ್ನುತ್ತಿದ್ದಾನೆ ಎಂದುಕೊಂಡೆ. "ಗೊತ್ತಪ್ಪಾ, ಮುಟ್ಟಲ್ಲ. ದೊಡ್ಡ ಮಡಿ" ಎಂದೆ. ಗೊಜ್ಜುವಿನ ಕತ್ತಿನ ಹಿಂದೆ ಚರ್ಮ ಎತ್ತಿ, ಸೂಜಿ ಹಾಕಿ, ಟಿಕ್ ಮಾಡಿದೆ. ಬೆಸೆಂಟ್ ನಗರಕ್ಕೆ ಮತ್ತೆ ಹೋಗುವ ಮನಸ್ಸಾಗಲಿಲ್ಲ, ಟ್ರಾಫಿಕ್ ಎಂದು ಮೆಸೇಜು ಕಳಿಸಿ ಪೇಪರ್ ಓದುತ್ತಾ ಕೂತೆ.

ಒಂಬತ್ತೂವರೆಗೆ ಗೊಜ್ಜು ಎದ್ದು ಗೋಡೆಗೆ ಹೋಗಿ ಹಣೆ ಹಚ್ಚಿ ನಿಂತ. ಕರೆದೆ, ತಿರುಗಲಿಲ್ಲ. ಹಿಂಗಾಲು ಮಡಿಚಿಕೊಂಡು ಕುಸಿದ. ಆಮೇಲೆ ನಾಲ್ಕೂ ಕಾಲು ಗಾಳಿಯಲ್ಲಿ ಈಜತೊಡಗಿದವು, ಬಾಯಲ್ಲಿ ನೊರೆ ಬಂತು. ನಾನು ಯಾವ ಭಾಷೆಯಲ್ಲಿ ಕಿರುಚಿದೆನೋ ನೆನಪಿಲ್ಲ.

ಕಿಟ್ಟು ಪೂಜೆ ಬಿಟ್ಟು ಓಡಿಬಂದ. ಕೈಯಲ್ಲಿ ಪಂಚಾಮೃತಕ್ಕೆ ಇಟ್ಟಿದ್ದ ಜೇನಿನ ಬಟ್ಟಲು. ಮಡಿಪಂಚೆಯಲ್ಲೇ ನೆಲಕ್ಕೆ ಕೂತು, ನಾಯಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಬೆರಳಿನಿಂದ ವಸಡಿಗೆ ಜೇನು ತಿಕ್ಕತೊಡಗಿದ. "ಅವರು ಏಳಕ್ಕೇ ಹಾಕಿದ್ರಲ್ಲೇ! ಬೇಡಾಂತ ಕೈ ಆಡಿಸಿದ್ನಲ್ಲೇ, ಪಾವಿ!" ಎಂದ. ಅವನು ಅಳುತ್ತಿದ್ದ.

ಚಿಕ್ಕತಾಯಮ್ಮ ಬಾಗಿಲಿಗೆ ಬಂದಿದ್ದರು. "ಆಯ್ತು ಅಂದ್ನಲ್ಲವ್ವ! ಫೋನಲ್ಲಿ ಎರಡ್ ಸಲ ಯೋಳಿದ್ನಲ್ಲ!"

"ನಿಮ್ಮ ಆಯ್ತು ಅಂದ್ರೆ ಸರಿ ಅಂತ ತಾನೇ ಅರ್ಥ!" ಎಂದು ನಾನು ಅವರ ಮೇಲೆ ಹಾರಿದೆ.

"ಅಯ್ಯೋ ಸಿವನೇ, ನೀನ್ ಅವತ್ತು ಯೋಳ್ಕೊಟ್ಟಿದ್ದಲ್ಲವ್ವ. ಅದ್ಕೇ ನಿಮ್ಮನೇರ್ ತವ ಮುಗುದ್ರೆ ಮಾತ್ರ ಆಯ್ತು ಅಂತಿದ್ದೆ. ಒಪ್ಪೋದಾದ್ರೆ ಸರಿ ಅಂತಿದ್ದೆ."

ನಿಜ. ಎಷ್ಟೋ ತಿಂಗಳಿಂದ ಅವರು ನನ್ನ ಹತ್ತಿರ ಸರಿ, ಸರಿ ಎನ್ನುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಅವರು ನನ್ನ ಭಾಷೆಗೆ ಬಂದಿದ್ದರು, ನಾನು ಅವರ ಭಾಷೆಗೆ ಹೋಗಿದ್ದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಕೇಳಿಸಿಕೊಂಡವರಿಂದಲೂ ಹೋಗುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಸ್ನಾನ ಮಾಡುತ್ತಿದ್ದ ಗಂಗಾಧರ ಒದ್ದೆ ತಲೆಯಲ್ಲೇ ಬಂದು ಕಾರು ತೆಗೆದ. ನೈವೇದ್ಯ ಅರ್ಧಕ್ಕೆ ನಿಂತಿದ್ದರಿಂದ ಕಿಟ್ಟು ಮನೆಯಲ್ಲೇ ಉಳಿದ. ಹಿಂದಿನ ಸೀಟಿನಲ್ಲಿ ಚಿಕ್ಕತಾಯಮ್ಮ ಗೊಜ್ಜುವನ್ನು ಮಡಿಲಲ್ಲಿ ಹಾಕಿಕೊಂಡು ದಾರಿಯುದ್ದಕ್ಕೂ ಬೆಲ್ಲದ ನೀರು ನೆಕ್ಕಿಸುತ್ತಿದ್ದರು. ಆಸ್ಪತ್ರೆಯಲ್ಲಿ ಸಕ್ಕರೆ ಮೂವತ್ತೆರಡಕ್ಕೆ ಇಳಿದಿತ್ತು. ಡ್ರಿಪ್ ಹಾಕಿದರು. ಡಾಕ್ಟರ್ ಧನುಷ್ ನನ್ನ ಕಡೆ ತಿರುಗಿ, ತಮಿಳಿನಲ್ಲಿ, ಎರಡನೆಯ ಸೂಜಿ ಯಾರು ಹಾಕಿದ್ದು ಎಂದು ಕೇಳಿದರು.

ಮೂವತ್ತು ವರ್ಷ ಜನರ ಸುಳ್ಳು ಹಿಡಿದವಳು ನಾನು. "ಪಕ್ಕತ್ತು ವೀಟ್ಟು ಅಮ್ಮಾ" ಎಂದೆ. ಪಕ್ಕದ ಮನೆಯಮ್ಮ, ಕೇಳದೆ ಹಾಕಿಬಿಟ್ಟರು. ಅವರು ನನ್ನ ಪಕ್ಕದಲ್ಲೇ ನಿಂತಿದ್ದರು, ಸೀರೆಯ ಮೇಲೆಲ್ಲ ಗೊಜ್ಜುವಿನ ನೊರೆ. ಅವರಿಗೆ ತಮಿಳು ಬಾರದು ಎಂಬ ಧೈರ್ಯ ನನ್ನದು. ಗಂಗಾಧರನಿಗೆ ಬರುತ್ತದೆ ಎಂಬುದು ಹೇಳಿ ಮುಗಿಸಿದ ಮೇಲೆ ನೆನಪಾಯಿತು.

"ವಯಸ್ಸಾದವರ ಕೈಗೆ ಸಿರಿಂಜ್ ಕೊಡಬೇಡಿ ಮೇಡಂ" ಎಂದರು ಡಾಕ್ಟರ್. ಗಂಗಾಧರ ತಾಯಿಯ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ.

ಗೊಜ್ಜು ಬದುಕಿದ. ಮರುದಿನ ಮನೆಗೆ ಬಂದ. ಕಣ್ಣು ಮೊದಲಿಗಿಂತ ಸ್ವಲ್ಪ ಮಂಜಾಗಿದೆ, ಬಾಲ ಮಾತ್ರ ಮೊದಲಿನದೇ.

ಕೆಟ್ಟದ್ದು ನನ್ನ ಕೈ. ಏಳು ಗಂಟೆ ಹತ್ತಿರ ಬಂದರೆ ಬೆರಳು ತಣ್ಣಗಾಗುತ್ತಿದ್ದವು. ಸೂಜಿ ಒಂದು ಸಲ ಕೂದಲಿಗೆ ಹೋಯಿತು, ಒಂದು ಸಲ ನನ್ನ ಹೆಬ್ಬೆರಳಿಗೇ ಹೋಯಿತು. ಔಷಧಿ ಒಳಗೆ ಹೋಯಿತೋ ಇಲ್ಲವೋ ಎಂದು ಅವನ ತುಪ್ಪಳ ಮೂಸಿ ನೋಡುತ್ತಿದ್ದೆ. ಎದುರು ಬಾಗಿಲು ಹಗಲೆಲ್ಲ ಮುಚ್ಚಿಯೇ ಇರುತ್ತಿತ್ತು, ಬೀಗ ಕಂಡರೆ ತಾಯಿ ಮಗ ಎಲ್ಲೋ ಹೋಗಿದ್ದಾರೆ ಎಂದುಕೊಳ್ಳುತ್ತಿದ್ದೆವು. ಆದರೆ ದಿನಾ ಬೆಳಿಗ್ಗೆ ನಮ್ಮ ಚಿಲಕಕ್ಕೆ ಒಂದು ಚೀಲ ನೇತಾಡುತ್ತಿತ್ತು, ಒಳಗೆ ಮೊಟ್ಟೆಯ ಡಬ್ಬಿ. ಖಾಲಿ ಡಬ್ಬಿ ತೊಳೆದು ಅವರ ಚಿಲಕಕ್ಕೆ ತೂಗುಹಾಕಿ, ಬೆಲ್ ಮಾಡದೆ ಬರುತ್ತಿದ್ದೆ.

"ಹೋಗಿ ಒಂದ್ಮಾತು ಮಾತಾಡೇ" ಎಂದ ಕಿಟ್ಟು. ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ.

"ನನಗೆ ಟೈಮಿಲ್ಲ" ಎಂದೆ.

ಹತ್ತನೆಯ ದಿನ ಸಂಜೆ ಆರೂಮುಕ್ಕಾಲಿಗೆ ಆಫೀಸಿನಿಂದ ಬಂದೆ. ಲಿಫ್ಟಿನಲ್ಲಿ ಗಂಗಾಧರ ಸಿಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಬಾಯಿ ತೆರೆಯುವ ಮೊದಲೇ ನಾನು ಚೀಲದಲ್ಲಿ ಕೀ ಹುಡುಕತೊಡಗಿದೆ.

"ಮೇಡಂ, ಒಂದ್ ವಿಷ್ಯ ಕೇಳ್ಬೇಕಿತ್ತು. ಅವ್ವ ಬೇರೆ ಏನಾದ್ರೂ ಮರೆಯೋದು ನೀವು ನೋಡಿದೀರಾ?"

"ಯಾಕೆ?"

"ಅವತ್ತು ಆಸ್ಪತ್ರೆ ಹೊರಗಡೆ ಕೇಳ್ದೆ, ಎರಡ್ಸಲ ಯಾಕವ್ವ ಹಾಕ್ದೆ ಅಂತ. ಮರ್ತು ಹಾಕ್ಬಿಟ್ಟೆ ಕಣಪ್ಪ ಅಂದ್ಲು. ನಮ್ಮಜ್ಜಿಗೂ ಮರೆವು ಶುರುವಾಗಿದ್ದು ಹಿಂಗೇ ಮೇಡಂ, ಕೊನೆಗೆ ನಮ್ಮನ್ನೇ ಗುರುತು ಹಿಡೀತಿರ್ಲಿಲ್ಲ. ನಂಗೆ ಭಯ ಆಗಿದೆ. ನಾನಿಲ್ದಾಗ ಗ್ಯಾಸ್ ಮುಟ್ಬೇಡ ಅಂದಿದೀನಿ. ಡ್ಯೂಟಿಗೆ ಹೋಗೋವಾಗ ಹೊರಗಿಂದ ಬೀಗ ಹಾಕ್ಕೊಂಡ್ ಹೋಗ್ತೀನಿ. ನಾಳಿದ್ದು ಡಾಕ್ಟ್ರಿಗೆ ತೋರ್ಸ್ಬಿಟ್ಟು, ಊರಲ್ಲಿ ಅಕ್ಕನ್ ಮನೇಲಿ ಬಿಟ್ ಬರೋಣ ಅಂತ."

ನಾವು ಇಳಿಯಬೇಕಾದದ್ದು ಮೂರನೆಯ ಮಹಡಿ. ಲಿಫ್ಟಿನ ಅಂಕಿ ಒಂದರಿಂದ ಮೂರಕ್ಕೆ ಏರುವುದನ್ನು ನೋಡಿದೆ. ಸುಮ್ಮನಿದ್ದೇ ಬಿಡಬಹುದು ಎಂದೂ ಯೋಚಿಸಿದೆ. ಅವರು ಊರಿಗೆ ಹೋದರೆ ನಾನು ಹೇಳಿದ ಸುಳ್ಳೂ ಅವರ ಜೊತೆಗೇ ಹೋಗುತ್ತಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಗಂಗಾಧರ ಬೀಗ ತೆಗೆದ. ಚಿಕ್ಕತಾಯಮ್ಮ ಹಾಲ್‌ನ ನೆಲದ ಮೇಲೆ ಕಾಲು ಚಾಚಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ನಾನು ಅವನ ಹಿಂದೆಯೇ ಒಳಗೆ ಹೋಗಿ, ನಿಂತೇ ಹೇಳಿದೆ. ಎರಡನೆಯ ಸೂಜಿ ಹಾಕಿದ್ದು ನಾನು. ನಿಮ್ಮ ತಾಯಿ ಒಂದೇ ಸಲ, ಸರಿಯಾದ ಹೊತ್ತಿಗೆ ಹಾಕಿದರು. ಫೋನಿನಲ್ಲೂ ಹೇಳಿದರು. ತಪ್ಪಾಗಿ ಕೇಳಿಸಿಕೊಂಡದ್ದು ನಾನು. ಡಾಕ್ಟರ ಹತ್ತಿರ ಸುಳ್ಳು ಹೇಳಿದ್ದೂ ನಾನೇ.

ಗಂಗಾಧರ ಕೈಯಲ್ಲಿದ್ದ ಬೀಗವನ್ನು ನೋಡಿದ. ಆಮೇಲೆ ಅದನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟ.

"ಮತ್ತೆ ನೀನ್ಯಾಕವ್ವ ಮರ್ತೆ ಅಂದೆ?" ಎಂದು ತಾಯಿಯನ್ನು ಕೇಳಿದ. "ಹತ್ತು ದಿನ ಒಳಗ್ ಕೂಡಾಕಿದ್ನಲ್ಲವ್ವ ನಿನ್ನ. ಆಗ್ಲಾದ್ರೂ ಹೇಳ್ಬಾರ್ದಿತ್ತಾ?"

ಚಿಕ್ಕತಾಯಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನನ್ಗೇನ್ಲಾ, ಕೂತ್ಕೊಂಡ್ರೆ ಕಾಲ ಕಳೀತದೆ. ಈವಮ್ಮ ಆ ನಾಯ್ಗೆ ಇನ್ನೂ ವರ್ಸಾನ್‌ಗಟ್ಲೆ ದಿನಕ್ ಎರಡ್ ಸಲ ಸೂಜಿ ಆಕ್ಬೇಕು. ತಪ್ಪೆಲ್ಲ ನಂದೇ ಅಂತ ತಲೇಲಿ ಕೂತ್ಕಂಡ್ರೆ ಕೈ ನಡುಗಕಿಲ್ವಾ? ಕೈ ನಡುಗೋರು ಸೂಜಿ ಇಡಿಯಕ್ಕಾದದಾ? ನಾಯ್ಗೆ ಇನ್ಯಾರವ್ರೆ? ಅದ್ಕೇ ನನ್ ಮೇಲೇ ಇರ್ಲಿ ಬುಡು ಅನ್ಕಂಡೆ."

ನಾನು ಅಲ್ಲೇ, ಸೊಪ್ಪಿನ ಕಡ್ಡಿಗಳ ನಡುವೆ ಕೂತುಬಿಟ್ಟೆ. ಕ್ಷಮಿಸಿ ಎನ್ನಲು ಹೊರಟರೆ ಅಳು ಬಂತು. ಕಾನ್ಸುಲೇಟಿನ ಕೌಂಟರಿನ ಆಚೆ ಎಷ್ಟೋ ಜನ ಹಾಗೆ ಅತ್ತದ್ದನ್ನು ನೋಡಿದ್ದೇನೆ, ನೋಡಿ ಮುಂದಿನವರನ್ನು ಕರೆದಿದ್ದೇನೆ. ಚಿಕ್ಕತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ನನ್ನ ಬಲಗೈಯನ್ನು ತೆಗೆದುಕೊಂಡು ಅಂಗೈ ಮೇಲಾಗಿ ಹಿಡಿದು ನೋಡಿದರು. ಬೆರಳುಗಳು ನಡುಗುತ್ತಿದ್ದವು.

"ಗಂಟೆ ಎಷ್ಟ್ಲಾ?" ಎಂದು ಮಗನನ್ನು ಕೇಳಿದರು.

"ಏಳಕ್ಕೆ ಐದು ನಿಮಿಷ."

ಅವರು ಮೊಣಕಾಲು ಹಿಡಿದುಕೊಂಡು ಎದ್ದು ಚಪ್ಪಲಿ ಮೆಟ್ಟಿದರು. "ಏಳವ್ವ. ಈ ಒತ್ತು ನಾನ್ ಆಕ್ತೀನಿ. ನೀನ್ ಸುಮ್ನೆ ಅದ್ರ ತಲೆ ಇಡ್ಕಂಡ್ ಕೂತ್ಕೊ."